ಅತ್ತೆಯ ಊರಿಗೆ ಹೊಸ ದಾರಿ

ಕೈ ತೊಳೆದು ಬಂದು ಕೂತವಳು ಚಹಾಕ್ಕೆ ಇನ್ನೂ ತುಟಿ ತಾಗಿಸಿರಲಿಲ್ಲ, ಅಂಗೈ ಮತ್ತೆ ಒದ್ದೆಯಾಯಿತು. ಕುರ್ಚಿಯ ತೋಳಿಗೆ ಒರೆಸಿಕೊಂಡಳು. ಆಚೆ ಕೋಣೆಯಲ್ಲಿ ಯಾರೋ ಮೇಜು ಎಳೆಯುತ್ತಿದ್ದರು, ದೊಡ್ಡ ತೆರೆಗೆ ವಯರು ಸಿಕ್ಕಿಸುತ್ತಿದ್ದರು. ಆ ಗದ್ದಲವೆಲ್ಲ ತನಗಾಗಿಯೇ ಎಂದು ಅವಳಿಗೆ ಗೊತ್ತು. ಹೆಚ್ಚುಕಡಿಮೆ ಎರಡು ವರ್ಷ ಒಬ್ಬಳೇ ಕೂತು ಬರೆದದ್ದನ್ನು ಇವತ್ತು ಎಲ್ಲರೆದುರು ಓಡಿಸಿ ತೋರಿಸಬೇಕಿತ್ತು. ಬೆಳಿಗ್ಗೆ ಮನೆ ಬಿಡುವಾಗ ಅತ್ತೆ ಏನೋ ಕೇಳಿದ್ದರು. ಚಪ್ಪಲಿಗೆ ಕಾಲು ತೂರಿಸುತ್ತಲೇ ‘ನಾಳೆ ನೋಡ್ತೀನಿ ಅತ್ತೆ’ ಅಂದಿದ್ದಳು. ಅವರು ಕೇಳಿದ್ದೇನು ಎಂದು ಈಗ ಜ್ಞಾಪಿಸಿಕೊಳ್ಳಲು ನೋಡಿದರೆ ತನ್ನ ಉತ್ತರವಷ್ಟೇ ನೆನಪಿಗೆ ಬರುತ್ತಿತ್ತು. ಇದೇ ಉತ್ತರವನ್ನು ನಿನ್ನೆಯೂ ಕೊಟ್ಟಿದ್ದೆನೇ ಎಂಬ ಅನುಮಾನ ಸುಳಿಯಿತು. ಚಹಾದ ಲೋಟ ಎತ್ತಿ ಅದನ್ನು ಅಲ್ಲಿಗೇ ಅದುಮಿದಳು.

ಅವಳು ಕೆಲಸಕ್ಕಿದ್ದ ಕಂಪನಿ ಮಾಡುತ್ತಿದ್ದದ್ದು ಒಂದೇ ಆಟ, ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ. ಬಯಲಿನಲ್ಲಿ ಒಂದು ಬೀದಿ ಎಳೆದು ಮನೆ ನಿಲ್ಲಿಸಿದರೆ ಜನ ಬಂದು ಸೇರುತ್ತಾರೆ. ಸೇರಿದವರು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹೊಳೆದಂಡೆಯಲ್ಲಿ ಕೂರುತ್ತಾರೆ. ಆಡುವವರು ಬೆಳೆಸಿದಷ್ಟೂ ಊರು ಬೆಳೆಯುತ್ತದೆ. ಆದರೆ ತೆರೆಯ ಮೇಲೆ ಒಂದು ಮನೆ ಕಾಣಬೇಕಾದರೂ, ಒಬ್ಬ ಮನುಷ್ಯ ಹೆಜ್ಜೆ ಎತ್ತಿಡಬೇಕಾದರೂ, ಆಟವು ಗ್ರಾಫಿಕ್ಸ್ ಕಾರ್ಡಿಗೆ ‘ಇದನ್ನು ಬಿಡಿಸು’ ಎಂದು ಆಜ್ಞೆ ಕಳಿಸಬೇಕು. ಕಂಪ್ಯೂಟರಿನ ಪ್ರೊಸೆಸರ್ ಆಜ್ಞೆ ಕೊಡುವುದು, ಕಾರ್ಡು ಬಿಡಿಸುವುದು. ಇಬ್ಬರ ನಡುವೆ ಡ್ರೈವರ್ ಎಂಬ ತಂತ್ರಾಂಶ ಕೂತಿರುತ್ತದೆ. ಅದು ಪ್ರತಿಯೊಂದು ಆಜ್ಞೆಯನ್ನೂ ತಡೆದು, ತಪ್ಪಿದೆಯೇ ನೋಡಿ, ಅದಕ್ಕೆ ಬೇಕಾದ ಜಾಗ ಹುಡುಕಿಕೊಟ್ಟು, ಹಿಂದಿನದು ಮುಗಿಯಿತೇ ಎಂದು ವಿಚಾರಿಸಿ ಆಮೇಲೆ ಮುಂದಕ್ಕೆ ಬಿಡುತ್ತದೆ. ಆಫೀಸಿನಲ್ಲಿ ಇದಕ್ಕೆ ಹಳೇ ದಾರಿ ಎಂದು ಹೆಸರು. ಅವಳು ಹಾಕುತ್ತಿದ್ದದ್ದು ಹೊಸ ದಾರಿ: ಡ್ರೈವರಿನ ತಪಾಸಣೆಯನ್ನೆಲ್ಲ ಬದಿಗಿಟ್ಟು ಕಾರ್ಡಿನ ಜೊತೆ ನೇರ ವ್ಯವಹಾರ. ಜಾಗ ನಾವೇ ಹಂಚಬೇಕು, ಕಾಯುವುದನ್ನು ನಾವೇ ಕಾಯಬೇಕು; ಬದಲಿಗೆ ಆಜ್ಞೆಗಳು ಸರಾಗ. ಮೊದಮೊದಲು ಈ ಡ್ರೈವರಿನ ಕಿರಿಕಿರಿಯನ್ನು ಅವಳು ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳುತ್ತಿದ್ದಾಗ ಅತ್ತೆ ಬಹಳ ದಿನ ಸುಮ್ಮನೆ ಕೇಳಿಸಿಕೊಂಡು, ಒಂದು ದಿನ, ಅಷ್ಟೊಂದು ಕಾಟ ಕೊಡೋ ಡ್ರೈವರನ್ನ ಇನ್ನೂ ಯಾಕೆ ಇಟ್ಕೊಂಡಿದಾರೆ, ನಿಮ್ಮ ಆಫೀಸ್ ವ್ಯಾನಿಗೆ ಬೇರೆ ಯಾರೂ ಸಿಗಲ್ವಾ ಎಂದು ಕೇಳಿದ್ದರು. ಗಂಡ ತಟ್ಟೆಯ ಮುಂದೆಯೇ ಬಿದ್ದುಬಿದ್ದು ನಕ್ಕಿದ್ದ. ಅವಳೂ ನಕ್ಕಿದ್ದಳು. ಅತ್ತೆ ಮಾತ್ರ, ಇದರಲ್ಲಿ ನಗೋದೇನಿದೆ ಎನ್ನುವ ಹಾಗೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದರು. ಆ ಬೆನ್ನು ಈಗ ಯಾಕೋ ಕಣ್ಣಿಗೆ ಬಂತು.

ಕರೆ ಬಂತು. ಕೋಣೆಯಲ್ಲಿ ಆಗಲೇ ಎಲ್ಲರೂ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಕಂಪನಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ. ಗೋಡೆಯ ಪಕ್ಕ, ಹಳೇ ದಾರಿಯನ್ನು ಬರೆದ ಹಿರಿಯ ಪ್ರೋಗ್ರಾಮರು. ಅವರಿಗೆ ಮೀಸೆ ಎಂದು ಅಡ್ಡಹೆಸರು. ಮೀಸೆ ತೆಗೆಸಿ ಎಷ್ಟೋ ವರ್ಷವಾಗಿತ್ತು. ಹೊಸದಾಗಿ ಸೇರಿದವರು ಆ ಹೆಸರು ಕೇಳಿ, ಬೋಳು ಮೇಲ್ದುಟಿ ನೋಡಿ ಗಲಿಬಿಲಿಗೊಳ್ಳುತ್ತಿದ್ದರು. ಅವರತ್ತ ನೋಡಬಾರದೆಂದುಕೊಂಡೇ ಅವಳು ನೋಡಿದಳು. ಇದೇ ಕೋಣೆಯಲ್ಲಿ, ಈ ಕೆಲಸ ನನಗೆ ಕೊಡಿ ಎಂದು ಕೇಳಿದ ದಿನ, ಮಾತಿನ ಭರದಲ್ಲಿ ಅವಳು ಹೇಳಿದ್ದಳು: ‘ನಾವಿನ್ನೂ ಎತ್ತಿನ ಗಾಡಿಲೇ ಹೋಗ್ತಾ ಇದೀವಿ. ಹೊಸ ದಾರಿ ಹಾಕಿದ್ರೆ ವೇಗ ಎರಡರಷ್ಟಾಗುತ್ತೆ.’ ಎಲ್ಲರೂ ನಕ್ಕಿದ್ದರು. ಮೀಸೆಯವರೂ ನಕ್ಕಿದ್ದರು, ಇತರರಿಗಿಂತ ತುಸು ಹೆಚ್ಚು ಹೊತ್ತು. ಆ ಹೆಚ್ಚಿನ ನಗು ಅವಳಿಗೆ ಅಂದು ಕೇಳಿಸಿರಲಿಲ್ಲ. ಒಂಟಿಯಾಗಿ ಕೂತು ಬರೆಯುವ ದಿನಗಳಲ್ಲಿ ನಿಧಾನವಾಗಿ ಕೇಳಿಸತೊಡಗಿತ್ತು.

ದೊಡ್ಡ ಮಶೀನು ಹಾಕಿದ್ದರು, ಕಂಪನಿಯಲ್ಲಿರುವುದರಲ್ಲಿ ಬಲಿಷ್ಠವಾದದ್ದು. ಮೊದಲು ಹಳೇ ದಾರಿ ಓಡಿತು. ತೆರೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಎನ್ನುವ ಸಂಖ್ಯೆ; ಅದು ಹೆಚ್ಚಿದಷ್ಟೂ ಆಟ ಸರಾಗ. ಆಮೇಲೆ ಹೊಸ ದಾರಿ. ಸಂಖ್ಯೆ ಅಷ್ಟೇ. ಯಾರೋ ಕೆಮ್ಮಿದರು. ಕೆಲವು ಕಡೆ ಹಳೆಯದಕ್ಕಿಂತ ಒಂದು ಗುಲಗಂಜಿಯಷ್ಟು ಕಡಿಮೆಯೇ ಇತ್ತು. ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ, ವಾರಗಳಿಂದ ಗೊತ್ತಿತ್ತು, ಆದರೂ ನಾಲ್ಕು ಜನರೆದುರು ಓಡಿಸಿದಾಗ ಸಂಖ್ಯೆಗೇ ಕರುಣೆ ಬಂದು ಮೇಲೇರೀತು ಎಂಬ ಒಂದು ಮೂರ್ಖ ನಂಬಿಕೆ ಒಳಗೆಲ್ಲೋ ಉಳಿದಿತ್ತೆಂದು ಈಗ ತಿಳಿಯಿತು. ಕ್ಯಾಮೆರಾವನ್ನು ಹೊಳೆಯ ಕಡೆ ತಿರುಗಿಸಿದಳು. ಆಟ ಗಕ್ಕನೆ ನಿಂತುಬಿಟ್ಟಿತು. ದೋಣಿ ಅರ್ಧ ತಿರುಗಿ ಹಾಗೇ ಉಳಿಯಿತು, ಹಾರುವ ಹಕ್ಕಿ ಹಾರಿದಲ್ಲೇ. ಮುಗ್ಗರಿಸಿ ಮತ್ತೆ ಎದ್ದು ನಡೆಯಿತು ಎನ್ನುವಷ್ಟರಲ್ಲಿ, ಹಿಂದಿನ ಸಾಲಿನಿಂದ ಆಟಕ್ಕೆ ಚಿತ್ರ ಬರೆಯುವಾಕೆಯ ಸಣ್ಣ ದನಿ ಬಂತು: ‘ಪಾಪ, ಎತ್ತಿಗೆ ಸುಸ್ತಾಯ್ತು.’ ನಗು ಕೋಣೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಯಿತು. ಕೆಟ್ಟ ನಗುವಲ್ಲ, ಅದೇ ಹೆಚ್ಚು ಚುಚ್ಚಿತು. ಅವಳ ಕಿವಿ ಬಿಸಿಯಾಯಿತು. ನಗದೆ ಇದ್ದವರು ಒಬ್ಬರೇ, ಮೀಸೆ. ಅವರು ಎದ್ದು ತೆರೆಯ ಹತ್ತಿರ ಬಂದು, ಈ ಮಶೀನಿನಲ್ಲಿ ಪ್ರೊಸೆಸರ್ ಆಕಳಿಸುತ್ತಾ ಕೂತಿದೆ, ಏದುಸಿರು ಬಿಡುತ್ತಿರುವುದು ಕಾರ್ಡು, ಆಜ್ಞೆ ಕೊಡುವವನು ಬೇಗ ಕೊಟ್ಟರೆ ಮಾಡುವವನ ಕೈ ಬೇಗ ಆಡುತ್ತದೆಯೇ, ಇದರಿಂದ ಏನೂ ಗೊತ್ತಾಗುವುದಿಲ್ಲ ಎಂದರು. ಸರಿಯಾದ ಮಾತು. ತಾನೇ ಆಡಬೇಕಾಗಿದ್ದ ಮಾತು. ಅವರ ಬಾಯಿಂದ ಅದು ಬಂದದ್ದು ಅವಳಿಗೆ ಭಿಕ್ಷೆ ಹಾಕಿದ ಹಾಗೆ ಕಂಡಿತು. ಮೇಡಂ ಸಮಾಧಾನದಿಂದಲೇ ಹೇಳಿದರು: ಬಿಡುಗಡೆಗೆ ಹಳೇ ದಾರಿಯೇ ಹೋಗಲಿ, ಹೊಸದು ಸದ್ಯಕ್ಕೆ ಇರಲಿ, ಹಬ್ಬದ ರಜೆ ಮುಗಿಸಿ ಬಂದ ಮೇಲೆ ಕೊನೆಯ ಮಾತು ಆಡೋಣ. ಆ ‘ಇರಲಿ’ ಎಂಬುದರ ಅರ್ಥ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನೀರಿನ ಫಿಲ್ಟರಿನ ಹತ್ತಿರ ಅವಳು ಲೋಟ ಹಿಡಿದು ನಿಂತಾಗ ಮೀಸೆಯವರೂ ಬಂದು ನಿಂತರು. ಸಮಾಧಾನ ಹೇಳಿದರೆ ಅಲ್ಲೇ ಅತ್ತುಬಿಡುವೆನೆಂದು ಅವಳಿಗೆ ಹೆದರಿಕೆ. ಅವರು ಸಮಾಧಾನ ಹೇಳಲಿಲ್ಲ, ಹೊಳೆಯ ನೀರಿನ ಮಾತೆತ್ತಿದರು. ಹೊಸ ದಾರಿಯಲ್ಲಿ ನೀರು ಮಿಣಮಿಣ ಮಿನುಗಿ ಚೂರುಚೂರಾಗಿ ಕಾಣುತ್ತಿತ್ತಲ್ಲ, ಅದನ್ನು ಹೇಗೆ ಸರಿ ಮಾಡಿದಿರಿ ಎಂದು ಕೇಳಿದರು. ಅವಳು ಹೇಳಿದಳು: ನೀರಿನಲ್ಲಿ ಕಾಣಬೇಕಾದ ಪ್ರತಿಬಿಂಬವನ್ನು ಇನ್ನೂ ಪೂರ್ತಿ ಬಿಡಿಸಿಯೇ ಇರಲಿಲ್ಲ, ಅಷ್ಟರಲ್ಲೇ ಅದನ್ನು ನೀರಿಗೆ ಹಚ್ಚುತ್ತಿತ್ತು, ಮುಗಿಯುವ ತನಕ ಕಾಯಿ ಎಂದು ತಾನು ಬರೆದಿರಲಿಲ್ಲ, ಕಂಡುಹಿಡಿಯಲು ಒಂದು ಮಳೆಗಾಲವೇ ಹೋಯಿತು. ಮೀಸೆ ಲೋಟ ತುಂಬಿಸುತ್ತಾ ತಲೆಯಾಡಿಸಿದರು.

‘ಹಳೇ ದಾರಿಲೂ ಅದೇ ತಪ್ಪಿದೆ. ಬರೆದೋನು ನಾನೇ’ ಎಂದರು. ‘ಡ್ರೈವರ್ ಸುಮ್ನೆ ನೋಡ್ಕೊಂಡು, ನನ್ನ ಬದಲು ಕಾದು, ಇಷ್ಟು ವರ್ಷ ಸರಿಯಾಗಿ ತೋರಿಸ್ತಾ ಬಂದಿದೆ. ಈಗ ನೀವು ನೀರಿನ ಕಥೆ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಯಾರೋ ಪುಣ್ಯಾತ್ಮರು, ಎಲ್ಲೋ ಕೂತು, ನಮ್ಮಂಥೋರು ಹೀಗೆ ಮಾಡ್ತಾರೆ ಅಂತ ಮೊದಲೇ ಯೋಚನೆ ಮಾಡಿ ಬರೆದಿಟ್ಟಿದಾರೆ.’

ಅವರು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಎರಡು ವರ್ಷದಲ್ಲಿ ತಾನು ಬರೆದದ್ದರಲ್ಲಿ ಮುಕ್ಕಾಲು ಪಾಲು, ಅದುವರೆಗೆ ಯಾರೋ ಮಾಡುತ್ತಿದ್ದ ಕೆಲಸವನ್ನೇ ಮತ್ತೆ ಮಾಡಿದ್ದು. ಜಾಗ ಗುಡಿಸಿ ಕೊಡುವುದು, ಕಾಯುವುದು, ಬೇಡವಾದದ್ದನ್ನು ಎತ್ತಿ ಹಾಕುವುದು. ನಡುವೆ ಕೂತು ಅಡ್ಡಿ ಮಾಡುತ್ತಾನೆಂದು ತಾನು ಬೈಯುತ್ತಿದ್ದ ಡ್ರೈವರ್ ನಿಜಕ್ಕೂ ತನ್ನ ಹಿಂದೆ ಹಿಂದೆ ಬಂದು, ಬಿದ್ದದ್ದನ್ನು ಎತ್ತಿಡುತ್ತಿದ್ದ. ಅವಮಾನದ ಬಿಸಿ ಇನ್ನೂ ಆರಿರಲಿಲ್ಲ. ಅದರ ಪಕ್ಕದಲ್ಲೇ ಬೇರೆ ಏನೋ ಬಂದು ಕೂತಿತು. ಹೆಸರಿಡಲು ಹೋಗದೆ ಅವಳು ಚೀಲ ಎತ್ತಿಕೊಂಡು ಬೇಗನೆ ಮನೆಗೆ ಹೊರಟಳು.

ಬಸ್ಸಿನ ಕಿಟಕಿಯಲ್ಲಿ ಬೀದಿಗಳು ಹಿಂದೆ ಸರಿಯುತ್ತಿದ್ದವು. ಸಂಜೆಯ ಬಿಸಿಲು, ಅಂಗಡಿ ಮುಂದೆ ನೀರು ಚಿಮುಕಿಸುವ ಹೆಂಗಸು, ಸೈಕಲ್ ತಳ್ಳಿಕೊಂಡು ಹೋಗುವವನು. ಎಲ್ಲರೂ ಒಂದೂ ಅಡೆತಡೆಯಿಲ್ಲದೆ ನಡೆಯುತ್ತಿದ್ದರು. ಇವರನ್ನೆಲ್ಲ ಬಿಡಿಸಲು ಎಷ್ಟು ಆಜ್ಞೆ ಬೇಕು ಎಂಬ ಹಾಳು ಲೆಕ್ಕ ತಲೆಗೆ ಬಂದು, ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿಗೆ ಅತ್ತೆ ಬಂದರು. ಆಗ ಇದ್ದಕ್ಕಿದ್ದಂತೆ ಬೆಳಗಿನ ಪ್ರಶ್ನೆ ನೆನಪಾಯಿತು. ಜನ ಕುಂಟ್ತಾ ಇದಾರೆ, ಒಂಚೂರು ನೋಡ್ತೀಯೇನಮ್ಮಾ ಎಂದು ಕೇಳಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ಬಾಗಿಲ ಬಳಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಂಡಿ ಬಾತು ಹೊರಗೆ ಓಡಾಟವೂ ನಿಂತಿತ್ತು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಗಂಡ, ಅವಳು ತೆಗೆದು ಮೂಲೆಗಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಅವರ ಕೋಣೆಯಲ್ಲಿ ಇಟ್ಟು ಈ ಆಟ ಹಾಕಿಕೊಟ್ಟಿದ್ದ. ಮುದುಕಿ ಕೈಗೆ ಗಿಲಕಿ ಕೊಟ್ರಾ ಎಂದು ಅತ್ತೆ ಒಂದು ವಾರ ಅದರ ಕಡೆ ನೋಡಲಿಲ್ಲ. ಆಮೇಲೆ ಯಾವಾಗ ಮುಟ್ಟಿದರೋ ಯಾರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ತೆರೆಯೊಳಗಿನ ಯಾರನ್ನೋ ‘ಅಲ್ಲಿಗ್ಯಾಕೆ ಹೋಗ್ತೀಯೋ, ಕೆಲಸ ಇರೋದು ಈ ಕಡೆ’ ಎಂದು ಗದರಿಸುತ್ತಿದ್ದರು. ಅಂದಿನಿಂದ ಅವರ ಊರು ಬೆಳೆಯಿತು. ಆ ಆಟವನ್ನು ಮಾಡುವವರಲ್ಲಿ ತನ್ನ ಸೊಸೆಯೂ ಒಬ್ಬಳು ಎಂಬುದು ಅವರಿಗೆ ಗೊತ್ತಿತ್ತು. ಅದು ದೊಡ್ಡ ಸಂಗತಿಯೆಂದು ಅವರು ತೋರಿಸಿಕೊಂಡವರಲ್ಲ. ಗಿರಣಿ ಕಟ್ಟಿದವರು ಬೇರೆ, ಹಿಟ್ಟು ಬೀಸಿಕೊಂಡು ಬರುವವರು ಬೇರೆ ಎನ್ನುವಂತೆ ಇದ್ದರು.

ಚೀಲ ಇಟ್ಟು ನೇರ ಅವರ ಕೋಣೆಗೆ ಹೋದಳು. ಕಂಪ್ಯೂಟರಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಅತ್ತೆ ಇಷ್ಟು ಬೇಗ ಬಂದಿದ್ದಕ್ಕೆ ಹುಬ್ಬೇರಿಸಿದರು. ಮುಖ ನೋಡಿ ಏನೂ ಕೇಳಲಿಲ್ಲ. ಪಕ್ಕದ ಸ್ಟೂಲು ಕಾಲಿನಿಂದಲೇ ಈಚೆ ತಳ್ಳಿದರು. ಅವಳು ಕೂತು ತೆರೆ ನೋಡಿದಳು. ಜನ ನಿಜವಾಗಿಯೂ ಕುಂಟುತ್ತಿದ್ದರು. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವಿನದ್ದು ಕಾಣೆಯಾಗಿ, ಬುಟ್ಟಿ ಹೊತ್ತವಳು ಇಲ್ಲಿದ್ದವಳು ಅಲ್ಲಿ ಹುಟ್ಟುತ್ತಿದ್ದಳು. ಆದರೆ ಅವಳ ಕಣ್ಣು ನಿಂತದ್ದು ಅಲ್ಲಲ್ಲ. ಊರಿನ ನಟ್ಟನಡುವೆ, ಮಾರುಕಟ್ಟೆ ಇದ್ದ ಕಡೆ, ಬರೀ ಬಯಲಿತ್ತು. ಹಲ್ಲು ಕಿತ್ತ ಬಾಯಿಯಂಥ ಬಯಲು. ಇಲ್ಲಿ ಬೀದಿಗಳಿದ್ದವಲ್ಲ ಎಂದಳು.

‘ಕೆಡವಿದೆ’ ಎಂದರು ಅತ್ತೆ, ಸೊಪ್ಪು ಸೋಸಿಟ್ಟೆ ಎನ್ನುವ ದನಿಯಲ್ಲಿ. ‘ಬೇಸಿಗೆಯಿಂದ ಒಂದೊಂದೇ ಬೀದಿ ಕೆಡವ್ತಾ ಬಂದೆ. ಜನ ಕಮ್ಮಿ ಆದ್ರೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತೆ. ಆಮೇಲೆ ಮತ್ತೆ ಹಂಗೇ.’

‘ಅಯ್ಯೋ ಅತ್ತೆ, ನನಗೆ ಹೇಳಬಾರ್ದಾ?’

‘ಹೇಳಿದ್ನಲ್ಲ.’ ಅದರಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ‘ಅಲ್ಲೂ ದಿನವೆಲ್ಲ ಇದೇ ನೋಡಿ ಬರ್ತೀಯ. ಮನೆಗ್ ಬಂದ್ರೆ ಇಲ್ಲೂ ಇದೇನಾ ಅಂತ ಸುಮ್ನಾದೆ.’

ಯಾರನ್ನು ಕಳಿಸಿದಿರಿ ಎಂದು ಕೇಳಿದಳು, ಏನಾದರೂ ಕೇಳಬೇಕಿತ್ತು. ಅತ್ತೆ ವಿವರವಾಗಿ ಹೇಳಿದರು. ಮೊದಲು ಒಂಟಿ ಜನರ ಮನೆಗಳನ್ನು ತೆಗೆದರಂತೆ, ಅವರಿಗೆ ಎಲ್ಲಿ ಹೋದರೂ ನಡೆಯುತ್ತದೆ ಎಂದು. ಆಮೇಲೆ ಮಕ್ಕಳಿಲ್ಲದವರದ್ದು. ಒಂದು ಬೀದಿಯ ಮುದುಕನೊಬ್ಬನನ್ನು ಕಳಿಸಲು ಮನಸ್ಸು ಬಾರದೆ ದಿನಾ ಮುಂದಕ್ಕೆ ಹಾಕುತ್ತಾ, ಕೊನೆಗೆ ಒಂದು ದಿನ ಕಣ್ಣುಮುಚ್ಚಿ ಗುಂಡಿ ಒತ್ತಿದರಂತೆ. ಇದನ್ನು ಹೇಳುವಾಗ ಅವರು ಸೆರಗಿನಿಂದ ಕೀಬೋರ್ಡು ಒರೆಸುತ್ತಿದ್ದರು. ಸ್ಟೂಲಿನ ಮೇಲೆ ಅವಳು ಚಿಕ್ಕವಳಾಗುತ್ತಾ ಹೋದಳು. ಊರು ತುಂಬ ಜನ ಸಲೀಸಾಗಿ ನಡೆಯಲಿ ಎಂದೇ ಎರಡು ವರ್ಷ ಕೂದಲು ಕಿತ್ತುಕೊಂಡಿದ್ದು. ಬೇಸಿಗೆಯಿಂದೀಚೆಗೆ ತನ್ನ ಮನೆಯಲ್ಲೇ, ಒಂದು ಗೋಡೆಯಾಚೆ, ಒಬ್ಬ ಹೆಂಗಸು ಕಂಪ್ಯೂಟರಿಗೆ ಉಸಿರು ಬಿಡಲು ಜಾಗವಾಗಲಿ ಎಂದು ತಾನು ಕಟ್ಟಿದ ಬೀದಿಗಳನ್ನು ತಾನೇ ಕೆಡವುತ್ತಾ ಕೂತಿದ್ದಳು, ಸೊಸೆಗೆ ತೊಂದರೆಯಾಗದಿರಲಿ ಎಂದು. ಮಳೆಗಾಲವೆಲ್ಲ ತಾನು ಈ ಬಾಗಿಲ ಮುಂದೆಯೇ ಫೋನಿನಲ್ಲಿ ಹೊಳೆಯ ನೀರಿನ ಮಾತಾಡುತ್ತಾ ಅತ್ತಿಂದಿತ್ತ ಓಡಾಡಿದ್ದಳು. ಆಗಲೂ ಒಳಗೆ ಫ್ಯಾನು ಹೀಗೇ ಗೊರಗೊರ ಎಂದಿರಬೇಕು.

ಹೊಸ ದಾರಿಯಿದ್ದ ಆಟವನ್ನು ಅವಳು ಅಲ್ಲೇ ಆ ಹಳೆಯ ಕಂಪ್ಯೂಟರಿಗೆ ಹಾಕಿದಳು. ಆಗುವವರೆಗೆ ಅತ್ತೆ ಚಹಾ ತಂದರು. ಮಂಡಿ ನೋವಿನವರು ಯಾಕೆ ಎದ್ದಿರಿ ಎಂದರೆ, ಕೂತರೆ ಅದಕ್ಕಿಂತ ನೋವು ಎಂದರು. ಊರು ತೆರೆಯಿತು. ಮೊದಲ ಬೀದಿಗೆ ಹೋಗುತ್ತಲೇ ಎಲ್ಲ ಗಕ್ಕನೆ ನಿಂತಿತು. ಮತ್ತೆ ಚಲಿಸಿತು, ಮುಂದಿನ ಬೀದಿಯ ತಿರುವಿನಲ್ಲಿ ಮತ್ತೆ ನಿಂತಿತು.

‘ಮೊದಲು ಕುಂಟ್ತಾ ಇದ್ರು’ ಎಂದರು ಅತ್ತೆ. ‘ಈಗ ಮೂರ್ಛೆನೇ ಹೋಗ್ತಾ ಇದಾರಲ್ಲೇ.’

ಅವಳಿಗೆ ನಗು ಬಂದುಬಿಟ್ಟಿತು. ಬೆಳಗಿನಿಂದ ಕಟ್ಟಿ ಹಿಡಿದಿದ್ದೆಲ್ಲ ಆ ನಗುವಿನಲ್ಲೇ ಸಡಿಲಾಯಿತು. ಪ್ರತಿಯೊಂದು ಹೊಸ ವಸ್ತು ಕಂಡಾಗಲೂ ಅದಕ್ಕೆ ಬೆಳಕು ಹೇಗೆ ಬೀಳಬೇಕು, ನೆರಳು ಹೇಗೆ ಎಂದು ಕಾರ್ಡಿಗೆ ಅದರ ಭಾಷೆಯಲ್ಲಿ ಹೇಳಿಕೊಡಬೇಕಾಗುತ್ತದೆ, ಹೇಳಿಕೊಡುವ ಹೊತ್ತಿಗೆ ಆಟ ನಿಲ್ಲುತ್ತದೆ, ಒಂದು ಸಲ ಕಲಿತರೆ ಮತ್ತೆ ನಿಲ್ಲುವುದಿಲ್ಲ ಎಂದು ವಿವರಿಸಿದಳು. ಹಾಗಾದರೆ ಊರೆಲ್ಲ ಒಂದು ಸುತ್ತು ಹಾಕಿಬಿಡೋಣ ಎಂದು ಅತ್ತೆ ಮೌಸು ಹಿಡಿದರು. ಇಬ್ಬರೂ ಬೀದಿ ಬೀದಿ ಸುತ್ತಿದರು. ಪ್ರತಿ ಮೂರ್ಛೆಗೂ ಅತ್ತೆ ‘ಹೂಂ, ಏಳಪ್ಪ’ ಎನ್ನುತ್ತಿದ್ದರು. ಎರಡನೆಯ ಸುತ್ತಿಗೆ ಯಾರೂ ಮೂರ್ಛೆ ಹೋಗಲಿಲ್ಲ. ಬುಟ್ಟಿ ಹೊತ್ತವಳು ಸೇತುವೆಯ ಈ ತುದಿಯಿಂದ ಹೊರಟು, ಒಂದೊಂದೇ ಹೆಜ್ಜೆ ಎತ್ತಿಟ್ಟು, ಆ ತುದಿಗೆ ಹೋಗಿ ಇಳಿದಳು. ಮೂಲೆಯ ಸಂಖ್ಯೆ ಹಳೇ ದಾರಿಯಲ್ಲಿದ್ದದ್ದರ ಎರಡರಷ್ಟನ್ನೂ ದಾಟಿತ್ತು. ಈ ಮುದಿ ಪ್ರೊಸೆಸರಿಗೆ ಆಜ್ಞೆ ಕೊಡುವುದೇ ಹೊರೆಯಾಗಿತ್ತು. ಊರಿನ ಅಷ್ಟೂ ಜನರಿಗೆ ಒಬ್ಬೊಬ್ಬರಿಗೂ ಒಂದೊಂದು ಆಜ್ಞೆ, ಪ್ರತಿಯೊಂದಕ್ಕೂ ನಡುವಿನ ತಪಾಸಣೆ. ಆ ಹೊರೆ ಇಳಿದಿತ್ತು. ದೊಡ್ಡ ಮಶೀನಿನಲ್ಲಿ ಕಾಣದ್ದು ಇಲ್ಲಿ ಕಂಡಿತು. ಅವಳು ಸಂಖ್ಯೆ ನೋಡುತ್ತಿದ್ದಳು. ಅತ್ತೆ ತೆರೆಗೆ ಮೂಗು ತಾಗುವಷ್ಟು ಬಾಗಿ ಬುಟ್ಟಿಯವಳ ಕಾಲು ನೋಡುತ್ತಿದ್ದರು.

ರಜೆ ಮುಗಿದು ಆಫೀಸು ತೆರೆದ ದಿನ ಅವಳು ಕಂಪ್ಯೂಟರನ್ನೇ ಆಫೀಸಿಗೆ ಹೊತ್ತೊಯ್ದಳು. ಊರನ್ನೇ ಎತ್ಕೊಂಡು ಹೋಗ್ತೀಯಾ ಎಂದು ಅತ್ತೆ ಕೇಳಿ, ಧೂಳು ತಾಗದಿರಲೆಂದು ತಮ್ಮ ಹಳೆಯ ಹೊದಿಕೆಯಲ್ಲಿ ಸುತ್ತಿ, ಮೂಟೆಗೆ ಹಾಕುವಂಥ ಗಂಟು ಹಾಕಿ ಕೊಟ್ಟಿದ್ದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕದವರು, ಮಗು ಮಲಗಿದೆಯೇನೋ ಎಂದು, ಬ್ರೇಕು ಬಿದ್ದಾಗಲೆಲ್ಲ ಅದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಕೋಣೆಯ ಮೇಜಿನ ಮೇಲೆ ಗಂಟು ಬಿಚ್ಚಿದಾಗ ಹೊದಿಕೆಯಿಂದ ಕರ್ಪೂರದೆಣ್ಣೆಯ ವಾಸನೆ ಎದ್ದಿತು, ಮಂಡಿಗೆ ತಿಕ್ಕುವ ಎಣ್ಣೆ. ಚಿತ್ರ ಬರೆಯುವಾಕೆ ಏನೋ ಅನ್ನಲು ಬಾಯಿ ತೆರೆದು, ತೆರೆಯ ಮೇಲೆ ಊರು ಬಂದದ್ದೇ ಸುಮ್ಮನಾದಳು. ತಾನು ಬರೆದ ಮನೆಗಳನ್ನು ಇಷ್ಟು ಅಕ್ಕರೆಯಿಂದ ಯಾರಾದರೂ ಜೋಡಿಸಿದ್ದನ್ನು ಆಕೆ ನೋಡಿರಲಿಲ್ಲವೇನೋ. ಪ್ರತಿ ಬೀದಿಯ ಕೊನೆಯಲ್ಲಿ ಒಂದು ಮರ, ಮರದ ಕೆಳಗೆ ಕೂರಲು ಒಂದು ಕಲ್ಲು. ಇದು ಯಾರ ಊರು ಎಂದು ಮೇಡಂ ಕೇಳಿದರು. ನಮ್ಮ ಅತ್ತೇದು ಎಂದಳು. ನಡುವೆ ಬಯಲು ಯಾಕೆ ಎಂದು ಕೇಳಿದಾಗ ಅದನ್ನೂ ಹೇಳಿದಳು.

ಹಳೇ ದಾರಿಯಲ್ಲಿ ಜನ ಕುಂಟಿದರು, ಹೊಸ ದಾರಿಯಲ್ಲಿ ನಡೆದರು. ಕಾರ್ಡು ಕಲಿತದ್ದೆಲ್ಲ ಅಳಿಸಿ, ಮೂರ್ಛೆ ಹೋಗುವುದನ್ನೂ ಅವಳೇ ತೋರಿಸಿದಳು. ಯಾರೂ ಕೇಳುವ ಮೊದಲೇ ಹೇಳಿದಳು: ‘ಎಲ್ಲರಿಗೂ ವೇಗ ಬರಲ್ಲ. ಕಾರ್ಡು ದಣಿದಿರೋ ಕಡೆ ಇದರಿಂದ ಏನೂ ಆಗಲ್ಲ, ಪ್ರೊಸೆಸರ್ ದಣಿದಿರೋ ಕಡೆ ಆಗುತ್ತೆ. ಡ್ರೈವರ್ ಮಾಡ್ತಿದ್ದಿದ್ದನ್ನ ಅದರಷ್ಟು ಚೆನ್ನಾಗಿ ಎಲ್ಲಾ ಕಡೆ ನಾನು ಮಾಡಿಲ್ಲ. ಎರಡರಷ್ಟು ಅಂತ ಅವತ್ತು ಹೇಳಿದ್ದು ಬಾಯಿ ಬಡಾಯಿ.’ ಮೇಡಂ ಬುಟ್ಟಿಯವಳು ಸೇತುವೆ ದಾಟುವವರೆಗೂ ನೋಡಿ, ಎರಡೂ ದಾರಿ ಇರಲಿ, ಮಶೀನು ನೋಡಿ ಯಾವುದು ಒಳ್ಳೆಯದೋ ಅದರಲ್ಲಿ ಹೋಗಲಿ ಎಂದರು. ಆಮೇಲೆ, ಈ ಮೂರ್ಛೆ ಬಿಡಿಸಲು ಎಷ್ಟು ದಿನ ಬೇಕು ಎಂದು ಕೇಳಿದರು. ಅವಳು ಉತ್ತರ ಹುಡುಕುತ್ತಿರುವಾಗ ಗೋಡೆಯ ಪಕ್ಕದಿಂದ ಮೀಸೆಯವರ ದನಿ ಬಂತು, ನಾನೂ ಜೊತೆಗೆ ಕೂತರೆ ಬೇಗ ಆಗಬಹುದು ಎಂದು. ಕೇಳಿದ್ದು ಅವಳನ್ನು. ಕೂರಬಹುದೇ ಎಂಬಂತೆ ಕೇಳಿದ್ದರು.

ಕೂತರು. ಊರು ತೆರೆಯುವ ಹೊತ್ತಿನಲ್ಲೇ ಕಾರ್ಡಿಗೆ ಎಲ್ಲವನ್ನೂ ಕಲಿಸಿಬಿಡುವ ಏರ್ಪಾಡು. ಯಾವ ಮನೆ ಯಾವ ನೆರಳಿನ ಜೊತೆ ಎಂದಾದರೂ ಕಾಣಿಸೀತು ಎಂಬುದು ಮೀಸೆಯವರಿಗೆ ಅಂಗೈ ಗೆರೆಯಷ್ಟು ಪರಿಚಯ. ಅದನ್ನು ಹೊಸ ದಾರಿಗೆ ಹೊಂದಿಸುವುದು ಅವಳಿಗೆ ಗೊತ್ತು. ಅವರು ಟೈಪು ಮಾಡುವಾಗ ತುಟಿಯ ಮೇಲೆ ಬೆರಳಾಡಿಸುತ್ತಿದ್ದರು, ಇಲ್ಲದ ಮೀಸೆಯನ್ನು ತೀಡುವಂತೆ. ಅಡ್ಡಹೆಸರು ಇನ್ನೂ ಯಾಕೆ ಉಳಿದಿದೆಯೆಂದು ಅವಳಿಗೆ ಆಗ ತಿಳಿಯಿತು. ಒಂದು ಮಧ್ಯಾಹ್ನ, ಏನೋ ಸರಿಹೋಗಿ ಇಬ್ಬರೂ ಹಿಂದಕ್ಕೆ ಒರಗಿ ಕೂತಾಗ, ಅವಳು ಎಷ್ಟೋ ದಿನದಿಂದ ಆಡದೆ ಉಳಿದಿದ್ದ ಮಾತನ್ನು ತೆಗೆದಳು. ಅವತ್ತು ಎತ್ತಿನ ಗಾಡಿ ಅಂದುಬಿಟ್ಟೆ ಎಂದಳು. ಅವರು ತೆರೆಯಿಂದ ಕಣ್ಣು ತೆಗೆಯಲಿಲ್ಲ.

‘ಗಾಡಿನೇ ತಾನೆ’ ಎಂದರು. ‘ಆದ್ರೂ ಇಷ್ಟು ವರ್ಷ ಎಲ್ಲರನ್ನೂ ಮನೆ ಸೇರಿಸ್ತಲ್ಲ.’ ತುಟಿಯ ಮೇಲೆ ಬೆರಳಾಡಿಸಿ, ‘ಈ ಕೆಲಸ ಬರದೇ ಇದ್ರೆ ನನ್ನ ಗಾಡಿನ ಯಾರು ಸುಮ್ನೆ ಎಳೀತಿದ್ರು ಅಂತ ನನಗೂ ಗೊತ್ತಾಗ್ತಿರ್ಲಿಲ್ಲ. ನಾನೇ ಎಳೀತಿದೀನಿ ಅಂದ್ಕೊಂಡಿದ್ದೆ’ ಎಂದರು.

ಧನ್ಯವಾದ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬರವಣಿಗೆಯ ಮಾತು, ಆಡಿದರೆ ನಾಟಕದ ಹಾಗೆ ಕೇಳಿಸೀತು. ಎದ್ದು ಹೋಗಿ ಇಬ್ಬರಿಗೂ ಚಹಾ ತಂದಳು. ಅವರಿಗೆ ಸಕ್ಕರೆ ಹೆಚ್ಚು ಬೇಕೆಂದು ಇಷ್ಟು ವರ್ಷ ಒಂದೇ ಆಫೀಸಿನಲ್ಲಿದ್ದೂ ಗೊತ್ತಿರಲಿಲ್ಲ.

ಆ ವಾರದ ರಜೆಯ ಬೆಳಿಗ್ಗೆ, ಮನೆಗೆ ವಾಪಸು ತಂದಿದ್ದ ಅತ್ತೆಯ ಕಂಪ್ಯೂಟರಿಗೆ ಸರಿಪಡಿಸಿದ ಆಟವನ್ನು ಹಾಕಿದಳು. ತೆರೆಯುವಾಗ ತುಸು ಹೊತ್ತು ಹಿಡಿಯಿತು. ಆಮೇಲೆ ಯಾವ ತಿರುವಿನಲ್ಲೂ ನಿಲ್ಲಲಿಲ್ಲ. ಅತ್ತೆ ಊರೆಲ್ಲ ಒಂದು ಸುತ್ತು ಬಂದು, ನಡುವಿನ ಬಯಲಿಗೆ ಬಂದು ನಿಂತರು. ಕೆಡವುವಾಗ ಒಂದೊಂದೇ ಕೆಡವಿದ್ದರಲ್ಲ, ಕಟ್ಟಲು ಹಾಗೆ ಕಾಯಲಿಲ್ಲ. ಬೀದಿ ಎಳೆದರು, ಕಂಬ ನೆಟ್ಟರು, ಮನೆ ಮೇಲೆ ಮನೆ ನಿಲ್ಲಿಸಿದರು. ಜನ ಬರತೊಡಗಿದರು, ಗಂಟುಮೂಟೆ ಹೊತ್ತು ಸೇತುವೆ ದಾಟಿ. ಅತ್ತೆ ಒಬ್ಬೊಬ್ಬರ ಮುಖವನ್ನೂ ಹತ್ತಿರ ತಂದು ನೋಡುತ್ತಿದ್ದರು. ಹಳಬರು ಯಾರೂ ಇರಲಿಲ್ಲ. ಆಟದಲ್ಲಿ ಹೋದವರು ವಾಪಸು ಬರುವುದಿಲ್ಲ, ಅವಳಿಗದು ಗೊತ್ತಿತ್ತು; ಹೇಳಲು ಧೈರ್ಯವಾಗಿರಲಿಲ್ಲ. ಈಗ ಹೇಳಬೇಕು ಎಂದುಕೊಂಡು, ಅತ್ತೆ, ಇವರು ಆ ಹಳಬರಲ್ಲ ಎಂದಳು.

‘ಗೊತ್ತು ಬಿಡು’ ಎಂದರು ಅತ್ತೆ. ‘ಪಾಪ, ಇವರೂ ಬಂದ್ರಲ್ಲ. ಇವರಿಗೂ ಇರೋಕೆ ಜಾಗ ಬೇಕಲ್ಲ.’

ಅವಳಿಗೆ ಏನೋ ಹೇಳಬೇಕೆನಿಸಿತು. ಕೆಡವಿದ ಬೀದಿಗಳಿಗೆ, ಕಾಲಿನಿಂದ ತಳ್ಳಿದ ಸ್ಟೂಲಿಗೆ, ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಸೇರಿ ಒಂದೇ ಮಾತು. ಅಂಥ ಮಾತು ಮನೆಯಲ್ಲಿ ಯಾರೂ ಆಡುವುದಿಲ್ಲ. ಅವಳ ಕಡೆಗೆ ಅತ್ತೆ ಮೌಸನ್ನು ಸರಿಸಿ, ನೀನೊಂದು ಮನೆ ಕಟ್ಟು ಎಂದರು. ಅವಳು ಮೌಸು ಹಿಡಿದಳು. ಆ ಮನೆಯ ಪ್ರತಿಯೊಂದು ಗೆರೆ ಕಾರ್ಡಿಗೆ ಹೇಗೆ ಹೋಗುತ್ತದೆಂದು ಅವಳಿಗೆ ಗೊತ್ತು, ಅದನ್ನು ಕಟ್ಟಲು ಯಾವ ಗುಂಡಿ ಒತ್ತಬೇಕೆಂದು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಮನೆಯನ್ನೂ ಕಟ್ಟಿರಲಿಲ್ಲ. ಒಂದು ಗುಂಡಿ ಒತ್ತಿದಳು, ಬಾವಿ ಬಂತು. ಅದಲ್ಲ, ಎಡಗಡೇದು ಎಂದರು ಅತ್ತೆ. ಅವಳ ಕೈ ಮೇಲೆ ಕೈಯಿಟ್ಟು ಸರಿಯಾದ ಕಡೆಗೆ ನಡೆಸಿದರು. ಕೈ ಬೆಚ್ಚಗಿತ್ತು, ಎಣ್ಣೆಯ ವಾಸನೆ. ಮನೆ ಎದ್ದಿತು, ಆದರೆ ಸೊಟ್ಟಗೆ, ಬೀದಿಗೆ ಬೆನ್ನು ಹಾಕಿ. ಅವಳು ನಾಚಿ, ತೆಗೆದು ಮತ್ತೆ ಕಟ್ಟುತ್ತೇನೆ ಎಂದಳು.

‘ತೆಗೀಬೇಡ’ ಎಂದರು ಅತ್ತೆ. ‘ಬಾಗಿಲು ಹೊಳೆ ಕಡೆ ಇದ್ರೆ ಗಾಳಿ ಚೆನ್ನಾಗಿ ಬರುತ್ತೆ.’

ಸೇತುವೆಯ ಕಡೆಯಿಂದ ಬಂದ ಒಬ್ಬ, ಉಳಿದ ಸಾಲುಮನೆಗಳನ್ನೆಲ್ಲ ದಾಟಿ, ಹಿಂದಿನಿಂದ ಸುತ್ತು ಹಾಕಿ, ಆ ಮನೆಯ ಬಾಗಿಲು ಹುಡುಕಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ದೀಪ ಹೊತ್ತಿತು.